ರೊಟ್ಟಿ ಬಿಡಬೇಕೋ, ಲೆಕ್ಕ ಇಡಬೇಕೋ?: ತೂಕ ಇಳಿಸುವ ಕುರಿತು ಓದುಗರ ಪ್ರಶ್ನೆಗಳು

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ತೂಕ ಇಳಿಸುವ ವಿಷಯದವೇ ಆಗಿದ್ದವು. ಅವುಗಳಲ್ಲಿ ಆರನ್ನು ಆಯ್ದುಕೊಂಡು, ಬರೆದವರ ಹೆಸರುಗಳನ್ನು ಬಿಟ್ಟು, ಇಲ್ಲಿ ಉತ್ತರಿಸಿದ್ದೇನೆ. ಉಳಿದ ಪ್ರಶ್ನೆಗಳ ಬೇರು ಮೊದಲನೆಯ ಪ್ರಶ್ನೆಯಲ್ಲಿಯೇ ಇರುವುದರಿಂದ ಅದರ ಉತ್ತರ ಉದ್ದವಾಗಿದೆ.

ಪ್ರಶ್ನೆ: ಮಾನ್ಯರೇ, ನನಗೆ 44 ವರ್ಷ, ಎತ್ತರ 156 ಸೆಂ.ಮೀ., ಪಥ್ಯ ಆರಂಭಿಸಿದಾಗ ತೂಕ 74 ಕಿಲೋ ಇತ್ತು. ಧಾರವಾಡದ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇಲ್ಲ. ಆಹಾರತಜ್ಞೆಯೊಬ್ಬರು ದಿನಕ್ಕೆ 1,400 ಕ್ಯಾಲರಿಯ ಪಟ್ಟಿ ಬರೆದುಕೊಟ್ಟಿದ್ದು, ಅದರಲ್ಲಿ ರೊಟ್ಟಿ, ಅನ್ನ ಎರಡೂ ಇವೆ. ಒಂದೂವರೆ ತಿಂಗಳಲ್ಲಿ ಇಳಿದದ್ದು ಎರಡೂವರೆ ಕಿಲೋ ಮಾತ್ರ. ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮ ಅನ್ನ, ರೊಟ್ಟಿ, ಸಕ್ಕರೆ ಪೂರ್ತಿ ಬಿಟ್ಟು, ಮೊಟ್ಟೆ, ಪನೀರು, ತುಪ್ಪ ತಿಂದುಕೊಂಡು ಮೂರೇ ವಾರದಲ್ಲಿ 4 ಕಿಲೋ ಇಳಿಸಿದ್ದಾನೆ. "ಅಕ್ಕಾ, ನೀ ಲೆಕ್ಕಾ ಹಾಕ್ಕೋತ ಕುಂದ್ರು, ನಾ ಸಪೂರ ಆಗ್ತೀನಿ" ಎಂದು ನಗುತ್ತಾನೆ. ಇವೆರಡರಲ್ಲಿ ಯಾವುದು ಸರಿ? ನಾನೂ ಅವನ ದಾರಿ ಹಿಡಿಯಲೇ?

ಉತ್ತರ: ಎರಡೂವರೆ ಕಿಲೋದ ಮುಂದೆ ನೀವು ಬರೆದಿರುವ "ಮಾತ್ರ" ಎಂಬ ಪದವನ್ನು ಮೊದಲು ಹೊಡೆದುಹಾಕಬೇಕು. ನಿಮ್ಮ ವಯಸ್ಸು, ಎತ್ತರ, ತೂಕಗಳಿಗೆ ಬಳಕೆಯಲ್ಲಿರುವ ಸೂತ್ರವನ್ನು ಹಚ್ಚಿದರೆ, ಏನೂ ಮಾಡದೆ ಮಲಗಿದ್ದರೂ ನಿಮ್ಮ ದೇಹ ದಿನಕ್ಕೆ ಸುಮಾರು 1,330 ಕ್ಯಾಲರಿ ವ್ಯಯಿಸುತ್ತದೆ. ತರಗತಿಯಲ್ಲಿ ನಿಲ್ಲುವುದು, ಮನೆಗೆಲಸ, ಓಡಾಟ ಎಲ್ಲ ಸೇರಿದರೆ ಒಟ್ಟು ವೆಚ್ಚ 1,870ರ ಆಸುಪಾಸಿಗೆ ಬರುತ್ತದೆ. 1,400 ಕ್ಯಾಲರಿ ತಿಂದರೆ ಉಳಿಯುವ ಕೊರತೆ ದಿನಕ್ಕೆ 470. ಇನ್ನೊಂದು ಕಡೆಯಿಂದಲೂ ನೋಡಬಹುದು. ಮೈಯ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಅಡಗಿರುತ್ತದೆ ಎಂದು ಹಿಡಿದರೆ, ಆರು ವಾರದಲ್ಲಿ ಎರಡೂವರೆ ಕಿಲೋ ಇಳಿದಿರುವ ನೀವು ದಿನಕ್ಕೆ ಸರಾಸರಿ 450 ಕ್ಯಾಲರಿಗಿಂತ ಸ್ವಲ್ಪ ಹೆಚ್ಚಿನ ಕೊರತೆಯನ್ನು ಕಾಯ್ದುಕೊಂಡಿದ್ದೀರಿ. ಪಟ್ಟಿ ಬರೆದವರ ಲೆಕ್ಕವೂ ನಿಮ್ಮ ತಕ್ಕಡಿಯ ಲೆಕ್ಕವೂ ಇಷ್ಟು ಚೆನ್ನಾಗಿ ಕೂಡಿಬರುವುದನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. ನೀವು ಪಟ್ಟಿಯನ್ನು ನಿಷ್ಠೆಯಿಂದ ಪಾಲಿಸಿದ್ದೀರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಇನ್ನು ನಿಮ್ಮ ತಮ್ಮನ 4 ಕಿಲೋ. ನಾವು ತಿಂದ ಅನ್ನ-ರೊಟ್ಟಿಯ ಶರ್ಕರಪಿಷ್ಟ, ಅಂದರೆ ಕಾರ್ಬೋಹೈಡ್ರೇಟ್, ಒಂದಷ್ಟು ಪ್ರಮಾಣದಲ್ಲಿ ಗ್ಲೈಕೋಜನ್ ಆಗಿ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಸಂಗ್ರಹವಾಗಿರುತ್ತದೆ. ದೊಡ್ಡವರಲ್ಲಿ ಈ ಸಂಗ್ರಹ 400ರಿಂದ 500 ಗ್ರಾಂ ಇರುತ್ತದೆ, ಮತ್ತು ಅದರ ಪ್ರತಿ ಗ್ರಾಂ ತನ್ನೊಂದಿಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಶರ್ಕರಪಿಷ್ಟವನ್ನು ಒಮ್ಮೆಲೇ ನಿಲ್ಲಿಸಿದಾಗ ಕೆಲವೇ ದಿನಗಳಲ್ಲಿ ಈ ಉಗ್ರಾಣ ಬರಿದಾಗಿ, ಅದರ ನೀರೂ ಮೂತ್ರದ ಮೂಲಕ ಹೊರಟುಹೋಗುತ್ತದೆ. ಇನ್ಸುಲಿನ್ ತಗ್ಗುವುದರಿಂದ ಮೂತ್ರಪಿಂಡಗಳು ಉಪ್ಪನ್ನೂ ಹೆಚ್ಚು ಹೊರಹಾಕುತ್ತವೆ. ಹೀಗೆ ಮೊದಲ ಒಂದೆರಡು ವಾರದಲ್ಲಿ ತಕ್ಕಡಿ ತೋರಿಸುವ ಒಂದೂವರೆ-ಎರಡು ಕಿಲೋ ಇಳಿತ ಕೊಬ್ಬಿನದಲ್ಲ. ಅವನು ಯಾವುದೋ ಮದುವೆ ಮನೆಯಲ್ಲಿ ಒಂದು ದಿನ ಹೊಟ್ಟೆತುಂಬ ಉಂಡರೆ ಅದರಲ್ಲಿ ಬಹುಪಾಲು ಎರಡು-ಮೂರು ದಿನಗಳಲ್ಲಿ ತಿರುಗಿ ಬರುತ್ತದೆ, ಮತ್ತು ಆಗ ಅವನು "ರೊಟ್ಟಿ ಮುಟ್ಟಿದ ಕೂಡಲೇ ಮೈ ಬಂತು" ಎಂದು ರೊಟ್ಟಿಯ ಮೇಲೆ ತಪ್ಪು ಹೊರಿಸುತ್ತಾನೆ. ಉಳಿದ ಎರಡು ಕಿಲೋ ನಿಜವಾದ ಇಳಿತವೇ ಇರಬಹುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಅನ್ನ-ರೊಟ್ಟಿ ಬಿಡುವುದು ಹೊಸ ಸಂಗತಿಯೇನೂ ಅಲ್ಲ. ಲಂಡನ್ನಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ವಿಲಿಯಂ ಬ್ಯಾಂಟಿಂಗ್ ಎಂಬ ಸ್ಥೂಲಕಾಯದ ಮನುಷ್ಯ, ತನ್ನ ವೈದ್ಯರ ಮಾತಿನಂತೆ ಬ್ರೆಡ್ಡು, ಸಕ್ಕರೆ, ಆಲೂಗಡ್ಡೆಗಳನ್ನು ಬಿಟ್ಟು ತೆಳ್ಳಗಾದ ಕಥೆಯನ್ನು 1863ರಲ್ಲಿಯೇ ಕಿರುಹೊತ್ತಿಗೆಯಾಗಿ ಅಚ್ಚು ಹಾಕಿಸಿದ್ದ. ಅಂದಿನಿಂದ ಇಂದಿನವರೆಗೆ ಈ ಪಥ್ಯ ಹೆಸರು ಬದಲಿಸುತ್ತ ಮತ್ತೆ ಮತ್ತೆ ಬಂದಿದೆ. ಇಂದು ದಿನಕ್ಕೆ 130 ಗ್ರಾಂಗಿಂತ ಕಡಿಮೆ ಶರ್ಕರಪಿಷ್ಟ ತಿನ್ನುವುದನ್ನು ಸಾಮಾನ್ಯವಾಗಿ ಲೋ-ಕಾರ್ಬ್ ಎನ್ನುತ್ತಾರೆ; 50 ಗ್ರಾಂಗಿಂತಲೂ ಕೆಳಗಿಳಿದರೆ ಅದು ಕೀಟೋ. ನಿಮ್ಮ ತಮ್ಮನದು ಎರಡನೆಯದೇ ಇದ್ದಂತೆ ತೋರುತ್ತದೆ. ನಿಮ್ಮದರಲ್ಲಿ ಯಾವ ಪದಾರ್ಥಕ್ಕೂ ನಿಷೇಧವಿಲ್ಲ, ಒಟ್ಟು ಮೊತ್ತಕ್ಕೆ ಮಾತ್ರ ಮಿತಿ ಇದೆ.

ಎರಡನ್ನೂ ಎದುರುಬದುರು ಇಟ್ಟು ನೋಡಿದ ಪ್ರಯೋಗಗಳಲ್ಲಿ ನಿಮ್ಮ ಮನೆಯ ವಾದಕ್ಕೆ ತೀರ ಹತ್ತಿರವಾದದ್ದು ಇಸ್ರೇಲಿನಲ್ಲಿ ನಡೆದು 2008ರಲ್ಲಿ ಪ್ರಕಟವಾದದ್ದು. ಅಲ್ಲಿ 322 ಜನರನ್ನು ಮೂರು ಗುಂಪು ಮಾಡಿ ಎರಡು ವರ್ಷ ಗಮನಿಸಿದರು. ಒಂದು ಗುಂಪಿಗೆ ಕ್ಯಾಲರಿ ಮಿತಿಯಿದ್ದ ಕಡಿಮೆ ಕೊಬ್ಬಿನ ಊಟ. ಇನ್ನೊಂದಕ್ಕೆ ಕ್ಯಾಲರಿ ಮಿತಿಯಿದ್ದ ಮೆಡಿಟರೇನಿಯನ್ ಊಟ, ಅಂದರೆ ತರಕಾರಿ, ಕಾಳು, ಮೀನು, ಆಲಿವ್ ಎಣ್ಣೆಯ ಊಟ. ಮೂರನೆಯದಕ್ಕೆ ಶರ್ಕರಪಿಷ್ಟ ಕಡಿಮೆ, ಕ್ಯಾಲರಿಗೆ ಮಿತಿಯೇ ಇಲ್ಲ. ಕೊನೆಯಲ್ಲಿ ಸರಾಸರಿ ಇಳಿತ ಕ್ರಮವಾಗಿ 2.9, 4.4 ಮತ್ತು 4.7 ಕಿಲೋ. ಲೆಕ್ಕ ಇಡದೆಯೂ ಮೂರನೆಯ ಗುಂಪು ಹಿಂದೆ ಬೀಳಲಿಲ್ಲ ಎಂಬುದು ನಿಮ್ಮ ತಮ್ಮನ ಪರವಾದ ಮಾತು. ಲೆಕ್ಕ ಇಟ್ಟು ಒಳ್ಳೆಯ ಊಟ ಮಾಡಿದವರೂ ಅವರ ಪಕ್ಕದಲ್ಲಿಯೇ ಇದ್ದರು ಎಂಬುದು ನಿಮ್ಮ ಪರವಾದದ್ದು. ಎರಡು ವರ್ಷಕ್ಕೆ ನಾಲ್ಕೂಮುಕ್ಕಾಲು ಕಿಲೋ ಎಂಬ ಅಂಕಿಯನ್ನೂ ಇಬ್ಬರೂ ನೆನಪಿನಲ್ಲಿಡಬೇಕು. ಮೊಬೈಲಿನಲ್ಲಿ ಬರುವ ವಿಡಿಯೋಗಳು ಅಷ್ಟನ್ನು ಎರಡು ವಾರಕ್ಕೆ ಕೊಡುತ್ತವೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 609 ಜನರಿದ್ದರು. ಒಂದು ವರ್ಷದ ನಂತರ ಕಡಿಮೆ ಕೊಬ್ಬಿನವರು ಸರಾಸರಿ 5.3 ಕಿಲೋ, ಕಡಿಮೆ ಶರ್ಕರಪಿಷ್ಟದವರು 6 ಕಿಲೋ ಇಳಿದಿದ್ದರು. ಈ ಅಂತರ ಗಣನೆಗೆ ಬರುವಂಥದ್ದಲ್ಲ. ಯಾರ ವಂಶವಾಹಿ ಯಾವ ಪಥ್ಯಕ್ಕೆ ಒಗ್ಗುತ್ತದೆ, ಯಾರ ಇನ್ಸುಲಿನ್ ಹೇಗೆ ಸ್ರವಿಸುತ್ತದೆ ಎಂಬುದನ್ನು ಮೊದಲೇ ಅಳೆದಿಟ್ಟುಕೊಂಡಿದ್ದರೂ ಅದರಿಂದ ಯಾರ ಫಲಿತಾಂಶವನ್ನೂ ಊಹಿಸಲಾಗಲಿಲ್ಲ. ಆದರೆ ಒಂದೇ ಗುಂಪಿನೊಳಗೆ ಒಬ್ಬರಿಗೂ ಇನ್ನೊಬ್ಬರಿಗೂ ಇದ್ದ ಅಂತರ ದೊಡ್ಡದಾಗಿತ್ತು: ಎರಡೂ ಕಡೆ ಇಪ್ಪತ್ತು ಕಿಲೋಕ್ಕಿಂತ ಹೆಚ್ಚು ಇಳಿದವರಿದ್ದರು, ಏರಿಸಿಕೊಂಡವರೂ ಇದ್ದರು. ಇಂಥ 61 ಪ್ರಯೋಗಗಳನ್ನು, ಸುಮಾರು 6,900 ಜನರ ವಿವರಗಳೊಂದಿಗೆ ಒಟ್ಟಿಗೆ ತೂಗಿ ನೋಡಿದ 2022ರ ಕಾಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಅಂತರರಾಷ್ಟ್ರೀಯ ಸಂಸ್ಥೆ) ಸಮೀಕ್ಷೆಯ ನಿರ್ಣಯವೂ ಇದೇ: ಆರಂಭದ ತಿಂಗಳುಗಳಲ್ಲಾಗಲಿ, ಒಂದೆರಡು ವರ್ಷಗಳ ನಂತರವಾಗಲಿ, ಎರಡರ ನಡುವಿನ ವ್ಯತ್ಯಾಸ ಒಂದು ಕಿಲೋದ ಆಸುಪಾಸಿನದು.

ಹಾಗಾದರೆ ಲೆಕ್ಕವಿಲ್ಲದೆ ನಿಮ್ಮ ತಮ್ಮ ಇಳಿಯುತ್ತಿರುವುದು ಹೇಗೆ? ಅವನಿಗೆ ಗೊತ್ತಿಲ್ಲದಂತೆಯೇ ಅವನ ಕ್ಯಾಲರಿ ಕಡಿಮೆಯಾಗಿದೆ. ರೊಟ್ಟಿ, ಅನ್ನ, ಸಕ್ಕರೆ ಬಿಟ್ಟವನಿಗೆ ಸಂಜೆಯ ಗಿರ್ಮಿಟ್ಟಿಲ್ಲ, ಮಿರ್ಚಿ ಬಜ್ಜಿಯಿಲ್ಲ, ಯಾರೋ ತಂದ ಧಾರವಾಡ ಪೇಡೆಯಿಲ್ಲ, ದಿನಕ್ಕೆ ನಾಲ್ಕು ಸಲದ ಸಕ್ಕರೆ ಚಹಾ ಇಲ್ಲ. ಬರಿಯ ಚಹಾದ ಲೆಕ್ಕವನ್ನೇ ಹಿಡಿಯಿರಿ: ಕಪ್ಪಿಗೆ ಎರಡು ಚಮಚದಂತೆ ನಾಲ್ಕು ಕಪ್ಪಿಗೆ ಎಂಟು ಚಮಚ ಸಕ್ಕರೆ, ಅಂದರೆ ಸುಮಾರು 160 ಕ್ಯಾಲರಿ. ಜೊತೆಗೆ, ಮೊಟ್ಟೆ-ಪನೀರುಗಳ ಪ್ರೋಟೀನ್ ಹೊಟ್ಟೆ ತುಂಬಿದ ಭಾವವನ್ನು ಹೆಚ್ಚು ಹೊತ್ತು ಉಳಿಸುತ್ತದೆ. ಪ್ರೋಟೀನಿನ ಕ್ಯಾಲರಿಯಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಅದನ್ನು ಜೀರ್ಣಿಸುವುದಕ್ಕೇ ಖರ್ಚಾಗುತ್ತದೆ. "ಶರ್ಕರಪಿಷ್ಟ ಇನ್ಸುಲಿನ್ ಏರಿಸುತ್ತದೆ, ಇನ್ಸುಲಿನ್ ಕೊಬ್ಬನ್ನು ಬೀಗ ಹಾಕಿಡುತ್ತದೆ, ಆದ್ದರಿಂದ ಕ್ಯಾಲರಿ ಲೆಕ್ಕ ವ್ಯರ್ಥ" ಎಂಬ ವಾದವನ್ನು ಅವನು ನಿಮ್ಮ ಮುಂದಿಟ್ಟರೆ, ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಅವರ ತಂಡ 2021ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೆನಪಿಸಿ. ಅವರು 20 ಜನರನ್ನು ಆಸ್ಪತ್ರೆಯಲ್ಲಿಯೇ ಇರಿಸಿ, ಎರಡು ವಾರ ಕೀಟೋ, ಎರಡು ವಾರ ಕಡಿಮೆ ಕೊಬ್ಬಿನ ಸಸ್ಯಾಹಾರವನ್ನು ಬೇಕಾದಷ್ಟು ತಿನ್ನಲು ಬಿಟ್ಟರು. ಇನ್ಸುಲಿನ್ ಹೆಚ್ಚು ಏರಿದ್ದು ಸಸ್ಯಾಹಾರದಲ್ಲಿ; ಆದರೂ ದಿನಕ್ಕೆ 550ರಿಂದ 700 ಕ್ಯಾಲರಿಯಷ್ಟು ಕಡಿಮೆ ತಿಂದದ್ದು ಅದೇ ಊಟದಲ್ಲಿ.

ಲೆಕ್ಕ ಇಡುವ ಪಥ್ಯಕ್ಕೂ ಒಂದು ದೊಡ್ಡ ದೌರ್ಬಲ್ಯವಿದೆ, ಅದನ್ನು ಮುಚ್ಚಿಡಬಾರದು. ನಾವು ಲೆಕ್ಕವನ್ನು ಸರಿಯಾಗಿ ಇಡುವುದಿಲ್ಲ. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎಷ್ಟು ಪಥ್ಯ ಮಾಡಿದರೂ ಇಳಿಯುತ್ತಿಲ್ಲ ಎನ್ನುತ್ತಿದ್ದ 10 ಜನರ ನಿಜವಾದ ಸೇವನೆಯನ್ನು ಅಳೆದಾಗ, ಅವರು ತಾವು ತಿಂದದ್ದನ್ನು ಸರಾಸರಿ 47 ಪ್ರತಿಶತದಷ್ಟು ಕಡಿಮೆ ಹೇಳಿದ್ದು ತಿಳಿದುಬಂತು. ಅವರು ಸುಳ್ಳು ಹೇಳುತ್ತಿದ್ದರೆಂದಲ್ಲ; ಅಡುಗೆಮನೆಯಲ್ಲಿ ಕಣ್ಣಿಗೆ ಬೀಳದೆ ಹೋಗುವ ಪದಾರ್ಥಗಳಿರುತ್ತವೆ. ನಮ್ಮ ಕಡೆ ಅದು ಎಣ್ಣೆ. ನಾಲ್ಕು ಜನರ ಮನೆಗೆ ತಿಂಗಳಿಗೆ 5 ಲೀಟರ್ ಡಬ್ಬಿ ಖಾಲಿಯಾಗುತ್ತಿದ್ದರೆ, ತಲಾ ದಿನಕ್ಕೆ 40 ಮಿಲಿಲೀಟರ್ ಮೀರುತ್ತದೆ, ಅಂದರೆ ಒಬ್ಬೊಬ್ಬರಿಗೆ ಸುಮಾರು 340 ಕ್ಯಾಲರಿ. ಎಣ್ಣೆಗಾಯಿ ಪಲ್ಯದ ಮೇಲೆ ತೇಲುವ ಎಣ್ಣೆಯನ್ನು ಯಾರೂ ಡೈರಿಯಲ್ಲಿ ಬರೆಯುವುದಿಲ್ಲ. ಹೊಸ ಡಬ್ಬಿ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ. ಮೊಬೈಲಿನ ಯಾವ ಆ್ಯಪಿಗಿಂತಲೂ ಅದು ನಿಷ್ಠುರವಾಗಿ ಸತ್ಯ ಹೇಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ: ನೀವು ತಮ್ಮನ ದಾರಿ ಹಿಡಿಯಬೇಕಾಗಿಲ್ಲ. ನಿಮಗೆ ಫಲ ಕೊಡುತ್ತಿರುವುದನ್ನು ಬಿಟ್ಟು, ಎಷ್ಟು ದಿನ ನಡೆಸಬಲ್ಲಿರೋ ತಿಳಿಯದ ಇನ್ನೊಂದಕ್ಕೆ ಹಾರುವುದು ಜಾಣತನವಲ್ಲ. ಆದರೆ ಅವನ ಪಥ್ಯದಲ್ಲಿರುವ ಒಳ್ಳೆಯದನ್ನು ನಿಮ್ಮದರೊಳಗೆ ತರಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಒಟ್ಟು ಕ್ಯಾಲರಿಯಲ್ಲಿ ಧಾನ್ಯಗಳ ಪಾಲು 45 ಪ್ರತಿಶತ ಮೀರಬಾರದು. ನಮ್ಮ ಮನೆಗಳಲ್ಲಿ ಅದು ಸುಲಭವಾಗಿ 60 ದಾಟುತ್ತದೆ, ಏಕೆಂದರೆ ರೊಟ್ಟಿಯ ಊಟ ಮುಗಿದ ಮೇಲೆ ಅನ್ನ-ಸಾರು, ಅದಾದ ಮೇಲೆ ಅನ್ನ-ಮಜ್ಜಿಗೆ ಎಂಬ ಕ್ರಮವನ್ನು ನಾವು ಪ್ರಶ್ನಿಸುವುದೇ ಇಲ್ಲ. ರೊಟ್ಟಿ ಉಂಡ ಹೊತ್ತಿಗೆ ಅನ್ನ ಬೇಡ. ಆ ಜಾಗಕ್ಕೆ ಮಡಕಿಕಾಳು ಅಥವಾ ಹೆಸರುಕಾಳಿನ ಪಲ್ಯ ಇನ್ನೊಂದು ಸೌಟು, ಒಂದು ಬಟ್ಟಲು ಮೊಸರು, ತಟ್ಟೆಯ ಬದಿಯಲ್ಲಿ ಹಕ್ಕರಕಿ, ಮೆಂತ್ಯದ ಸೊಪ್ಪು, ಮೂಲಂಗಿ, ಸೌತೆಕಾಯಿ ಇರಲಿ. ಒಟ್ಟು 1,400 ದಾಟದಿರಲಿ. ಮೊದಲ ಗುರಿಯಾಗಿ ಆರು ತಿಂಗಳಲ್ಲಿ 4ರಿಂದ 5 ಕಿಲೋ ಸಾಕು. ಆರಂಭದ ತೂಕದ 5 ಪ್ರತಿಶತ ಇಳಿದರೂ ರಕ್ತದೊತ್ತಡ, ಸಕ್ಕರೆ ಸುಧಾರಿಸುತ್ತವೆ. ತಕ್ಕಡಿಯ ಜೊತೆ ಟೇಪನ್ನೂ ಬಳಸಿ: ಭಾರತೀಯ ಮಹಿಳೆಯರಿಗೆ ಸೊಂಟದ ಸುತ್ತಳತೆಯ ಮಿತಿ 80 ಸೆಂ.ಮೀ., ಪುರುಷರಿಗೆ 90.

ತಮ್ಮನಿಗೆ ತಾನು ಹಿಡಿದದ್ದು ಒಗ್ಗಿದ್ದರೆ ಮುಂದುವರಿಸಲಿ, ತಡೆಯಬೇಡಿ. ಆದರೆ ತುಪ್ಪ, ಬೆಣ್ಣೆಗಳೇ ಪ್ರಧಾನವಾದ ಪಥ್ಯದಲ್ಲಿ ಕೆಲವರ ಎಲ್‌ಡಿಎಲ್ ಕೊಲೆಸ್ಟರಾಲ್ (ರಕ್ತನಾಳಗಳಲ್ಲಿ ಕಟ್ಟಿಕೊಳ್ಳುವ "ಕೆಟ್ಟ" ಕೊಲೆಸ್ಟರಾಲ್) ಬಹಳ ಏರುತ್ತದೆ. ಆದ್ದರಿಂದ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ.

ಪ್ರಶ್ನೆ: ನಮ್ಮದು ಗದಗ ತಾಲ್ಲೂಕು, ಎರೆಹೊಲದ ಬಿಳಿಜೋಳ ಮನೆಯದೇ. ಜೋಳದ ರೊಟ್ಟಿಯಲ್ಲಿ ಶರ್ಕರಪಿಷ್ಟ ಇಲ್ಲ, ಎಷ್ಟು ತಿಂದರೂ ತೂಕ ಏರುವುದಿಲ್ಲ, ಚಪಾತಿ-ಅನ್ನ ಬಿಟ್ಟರೆ ಸಾಕು ಎಂದು ನಮ್ಮ ಮಾವನವರು ಹೇಳುತ್ತಾರೆ. ನಿಜವೇ?

ಉತ್ತರ: ಮಾವನವರ ಮಾತಿನಲ್ಲಿ ಅರ್ಧ ನಿಜವಿದೆ, ಆದರೆ ತೂಕಕ್ಕೆ ಬೇಕಾಗಿರುವುದು ಇನ್ನರ್ಧ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟ ಇರುತ್ತದೆ. ಗೋಧಿಯದು ಅದಕ್ಕಿಂತ ಒಂದಿಷ್ಟು ಕಡಿಮೆ, ಅಕ್ಕಿಯದು 78ರಷ್ಟು. ಕ್ಯಾಲರಿಯಲ್ಲಿ ಮೂರೂ ಒಂದೇ ಸಾಲಿನವು. ಜೋಳ ಅಕ್ಕಿಗಿಂತ ಮೇಲು ಎನ್ನುವುದು ನಾರಿನ ವಿಷಯದಲ್ಲಿ: ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದ್ದರೆ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇರುವುದಿಲ್ಲ. ಗೋಧಿಯ ಇಡೀ ಹಿಟ್ಟಿನೊಂದಿಗೆ ಹೋಲಿಸಿದರೆ ಆ ಮೇಲುಗೈಯೂ ಉಳಿಯುವುದಿಲ್ಲ. ಚಪಾತಿಗಿಂತ ರೊಟ್ಟಿಗಿರುವ ನಿಜವಾದ ಲಾಭ ಅದನ್ನು ಮಾಡುವ ರೀತಿಯಲ್ಲಿದೆ. ರೊಟ್ಟಿಯನ್ನು ನೀರು ಸವರಿ ಬೇಯಿಸುತ್ತೇವೆ, ಚಪಾತಿಗೆ ಎಣ್ಣೆ ಸವರುತ್ತೇವೆ. ಜೊತೆಗೆ, ರೊಟ್ಟಿಯನ್ನು ಅಗಿದೇ ತಿನ್ನಬೇಕು, ಅನ್ನದಂತೆ ನುಂಗಲಾಗುವುದಿಲ್ಲ.

ಮನೆಯಲ್ಲಿ ಒಮ್ಮೆ ಒಂದು ರೊಟ್ಟಿಯ ಒಣಹಿಟ್ಟನ್ನು ತೂಗಿ ನೋಡಿ. 50 ಗ್ರಾಂ ಇದ್ದರೆ ಅದರಲ್ಲಿ ಸುಮಾರು 35 ಗ್ರಾಂ ಶರ್ಕರಪಿಷ್ಟ, 170 ಕ್ಯಾಲರಿ ಇರುತ್ತದೆ. ಹಾಗಾಗಿ ದಿನಕ್ಕೆ ಮೂರು ರೊಟ್ಟಿ ಉಂಡರೆ 105 ಗ್ರಾಂ; ಹಾಲು, ಕಾಳು, ಹಣ್ಣಿನದು ಸೇರಿದರೆ ಲೋ-ಕಾರ್ಬಿನ 130ರ ಗಡಿ ಮುಟ್ಟಿಯೇ ಬಿಡುತ್ತದೆ. ಕೀಟೋದವರಿಗೆ ಇಡೀ ದಿನಕ್ಕೆ ಒಂದೂವರೆ ರೊಟ್ಟಿಯೂ ಹೆಚ್ಚಾಯಿತು. ಖಡಕ್ ರೊಟ್ಟಿಯಲ್ಲಿ ಇನ್ನೊಂದು ಮೋಸವಿದೆ. ಅದು ಹಗುರಾಗಿ, ತೆಳ್ಳಗೆ ಇರುವುದರಿಂದ ಕೈ ಮತ್ತೊಂದಕ್ಕೆ, ಮಗದೊಂದಕ್ಕೆ ಹೋಗುತ್ತಲೇ ಇರುತ್ತದೆ. ಆದರೆ ಒಣಗಿದಾಗ ಹೋದದ್ದು ನೀರು, ಹಿಟ್ಟು ಅಷ್ಟೂ ಅಲ್ಲಿಯೇ ಇದೆ.

ಶಾಖಾಹಾರಿ ಮನೆಗಳಿಗೆ ಇನ್ನೊಂದು ಮಾತು. ಮಡಕಿ, ಹೆಸರು, ಕಡಲೆ, ಅಲಸಂದಿ ಕಾಳುಗಳಲ್ಲಿ ಪ್ರೋಟೀನ್ ನೂರಕ್ಕೆ 20ಕ್ಕಿಂತ ಹೆಚ್ಚಿದ್ದರೂ ಒಣಕಾಳಿನ ತೂಕದ ಸುಮಾರು ಅರ್ಧದಷ್ಟು ಶರ್ಕರಪಿಷ್ಟವೇ. ಆದ್ದರಿಂದ ಮೊಟ್ಟೆ, ಮಾಂಸ ಮುಟ್ಟದವರು ಕೀಟೋ ಮಾಡಹೊರಟರೆ ಝುಣಕವನ್ನೂ ಕಾಳಿನ ಪಲ್ಯವನ್ನೂ ಬಿಡಬೇಕಾಗುತ್ತದೆ, ಮತ್ತು ಆಗ ತಟ್ಟೆಯಲ್ಲಿ ಉಳಿಯುವುದು ಪನೀರು, ಬೆಣ್ಣೆ, ಸೊಪ್ಪು. ಇಂಥ ಪಥ್ಯವನ್ನು ಒಂದು ವರ್ಷ ನಡೆಸಿದ ಶಾಖಾಹಾರಿ ಮನೆಯನ್ನು ನಾನಂತೂ ಈ ಭಾಗದಲ್ಲಿ ಕಂಡಿಲ್ಲ.

ಪ್ರಶ್ನೆ: ಹಾವೇರಿ ಜಿಲ್ಲೆಯವನು, ಮೆಣಸಿನಕಾಯಿ ವ್ಯಾಪಾರಿ, ವಯಸ್ಸು 52. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಡಪಾಗ್ಲಿಫ್ಲೋಜಿನ್ ಮಾತ್ರೆಗಳಿವೆ. ಹತ್ತು ದಿನಗಳಿಂದ ಅನ್ನ, ರೊಟ್ಟಿ ಬಿಟ್ಟಿದ್ದೇನೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೈ ಬೆವೆತು ಕೈ ನಡುಗುತ್ತದೆ. ಪಥ್ಯ ಒಗ್ಗುವವರೆಗೆ ಹೀಗೇ ಆಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಎಷ್ಟು ದಿನ ತಡೆಯಬೇಕು?

ಉತ್ತರ: ಒಂದು ದಿನವೂ ತಡೆಯಬಾರದು. ಈ ಪತ್ರಿಕೆ ನಿಮ್ಮ ಕೈ ಸೇರುವ ಮೊದಲೇ ತಲುಪಲೆಂದು ನಿಮಗೆ ಬೇರೆಯಾಗಿಯೂ ಉತ್ತರ ಬರೆದಿದ್ದೇನೆ. ನಿಮ್ಮಂತೆಯೇ ಮಾಡುತ್ತಿರುವ ಇತರರಿಗಾಗಿ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. ನೀವು ವಿವರಿಸಿರುವುದು ರಕ್ತದ ಸಕ್ಕರೆ ತೀರ ಕೆಳಗಿಳಿದ ಲಕ್ಷಣ. ಗ್ಲಿಮೆಪಿರೈಡ್ ನೀವು ಉಂಡಿದ್ದೀರೋ ಇಲ್ಲವೋ ಎಂದು ಕೇಳುವುದಿಲ್ಲ. ಅದು ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಮೊದಲು ರೊಟ್ಟಿ-ಅನ್ನದಿಂದ ಬರುತ್ತಿದ್ದ ಸಕ್ಕರೆಗೆ ತಕ್ಕಂತೆ ಗೊತ್ತುಮಾಡಿದ ಮಾತ್ರೆ, ಈಗ ಅದಿಲ್ಲದಿದ್ದಾಗ ಹೆಚ್ಚಾಯಿತು. ನಡುಕ, ಬೆವರು ಬಂದ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ, ಹದಿನೈದು ನಿಮಿಷದ ನಂತರ ಗ್ಲೂಕೋಮೀಟರಿನಲ್ಲಿ ನೋಡಿ, 70ಕ್ಕಿಂತ ಕೆಳಗಿದ್ದರೆ ಮತ್ತೊಮ್ಮೆ ಕುಡಿಯಿರಿ. ಅದೇ ದಿನ ನಿಮ್ಮ ವೈದ್ಯರಿಗೆ ಫೋನು ಮಾಡಿ, ಊಟ ಬದಲಿಸಿದ್ದನ್ನು ತಿಳಿಸಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಈ ಮಾತು ಅನ್ವಯಿಸುತ್ತದೆ; ರಕ್ತದೊತ್ತಡದ ಮಾತ್ರೆಯವರಿಗೆ ಎದ್ದುನಿಂತಾಗ ತಲೆಸುತ್ತು ಬಂದರೆ ಆ ಮಾತ್ರೆಯನ್ನೂ ತಗ್ಗಿಸಬೇಕಾಗಬಹುದು.

ಡಪಾಗ್ಲಿಫ್ಲೋಜಿನ್ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಈ ಗುಂಪಿನ ಔಷಧಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಇವುಗಳ ಜೊತೆ ಶರ್ಕರಪಿಷ್ಟವನ್ನು ತೀರ ಇಳಿಸಿದರೆ ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ಆಮ್ಲಗಳು ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಬಹುದು, ಮತ್ತು ಆಗ ಮೀಟರಿನಲ್ಲಿ ಸಕ್ಕರೆ ಹೆಚ್ಚೇನೂ ಇಲ್ಲದಂತೆ ಕಾಣುವುದರಿಂದ ರೋಗಿಯೂ ಮನೆಯವರೂ ಮೋಸಹೋಗುತ್ತಾರೆ. ವಾಂತಿ, ಹೊಟ್ಟೆನೋವು, ಏದುಸಿರು, ಅತಿಯಾದ ಸುಸ್ತು ಕಂಡರೆ ನೇರವಾಗಿ ಆಸ್ಪತ್ರೆಗೆ ಹೋಗಿ, ಈ ಮಾತ್ರೆಯ ಹೆಸರನ್ನು ಮೊದಲು ಹೇಳಿ.

ನಿಮ್ಮ ಉದ್ದೇಶ ತಪ್ಪು ಎಂದು ನಾನು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಲೋ-ಕಾರ್ಬ್ ಪಥ್ಯ ಮೊದಲ ಆರು ತಿಂಗಳು ಇತರ ಪಥ್ಯಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆಂದು 23 ಪ್ರಯೋಗಗಳನ್ನು ಕೂಡಿಸಿ ನೋಡಿದ 2021ರ ವಿಶ್ಲೇಷಣೆ ತೋರಿಸಿತು. ವರ್ಷ ತುಂಬುವ ಹೊತ್ತಿಗೆ ಆ ಲಾಭ ತಗ್ಗಿತ್ತು. ಕ್ಯಾಲರಿ ಇಳಿಸುವ ದಾರಿಯಲ್ಲಿಯೂ ದೊಡ್ಡ ಫಲಿತಾಂಶವಿದೆ. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿಯ ಸಿದ್ಧ ಪೇಯವನ್ನಷ್ಟೇ ಕೊಟ್ಟ ಗುಂಪಿನಲ್ಲಿ 46 ಪ್ರತಿಶತ ಜನರ ಕಾಯಿಲೆ ವರ್ಷದ ಕೊನೆಗೆ ಮಾತ್ರೆಯಿಲ್ಲದೆ ಹತೋಟಿಯಲ್ಲಿತ್ತು. ಆದರೆ ಅವರೆಲ್ಲರೂ ಕಾಯಿಲೆ ಬಂದು ಆರು ವರ್ಷದೊಳಗಿನವರು, ಮತ್ತು ಅವರ ಸಕ್ಕರೆ ಹಾಗೂ ರಕ್ತದೊತ್ತಡದ ಮಾತ್ರೆಗಳನ್ನು ಮೊದಲ ದಿನವೇ ವೈದ್ಯರು ನಿಲ್ಲಿಸಿದ್ದರು. ಊಟ ಬದಲಿಸುವ ದಿನವೇ ಮಾತ್ರೆಯ ಚೀಟಿಯೂ ಬದಲಾಗಬೇಕು. ನಿಮ್ಮಲ್ಲಿ ಆದ ತಪ್ಪು ಅಷ್ಟೇ.

ಪ್ರಶ್ನೆ: ಹುಬ್ಬಳ್ಳಿಯಿಂದ. ಅನ್ನ ಬಿಟ್ಟ ಮೇಲೆ ತುಪ್ಪ, ಶೇಂಗಾ ಎಷ್ಟಾದರೂ ತಿನ್ನಬಹುದಲ್ಲವೇ?

ಉತ್ತರ: ಇಲ್ಲ. ಒಂದು ಗ್ರಾಂ ಶರ್ಕರಪಿಷ್ಟಕ್ಕೆ 4 ಕ್ಯಾಲರಿ, ಕೊಬ್ಬಿಗೆ 9. ಒಂದು ಹಿಡಿ ಶೇಂಗಾ, ಅಂದರೆ 30 ಗ್ರಾಂ, ಸುಮಾರು 165 ಕ್ಯಾಲರಿ. ಒಂದು ರೊಟ್ಟಿಗೆ ಸಮ. ಶೇಂಗಾ ಒಳ್ಳೆಯ ಆಹಾರ, ಶೇಂಗಾ ಹಿಂಡಿಯಿಲ್ಲದ ಊಟವನ್ನು ನಾನೂ ಊಹಿಸಲಾರೆ; ಆದರೆ ಟಿವಿ ಮುಂದೆ ಡಬ್ಬಿ ಇಟ್ಟುಕೊಂಡು ಕುಳಿತರೆ ಬಿಟ್ಟ ಅನ್ನದ ಎರಡರಷ್ಟು ಅರ್ಧ ಗಂಟೆಯಲ್ಲಿ ತಿರುಗಿ ಬರುತ್ತದೆ.

ಪ್ರಶ್ನೆ: ರಾಣೆಬೆನ್ನೂರಿನವನು, ವಯಸ್ಸು 38. ಕ್ಯಾಲರಿ ಲೆಕ್ಕ ಇಟ್ಟು ನಾಲ್ಕು ತಿಂಗಳಲ್ಲಿ 92ರಿಂದ 83 ಕಿಲೋಗೆ ಇಳಿದೆ. ಈಗ ಎರಡು ತಿಂಗಳಿಂದ ತಕ್ಕಡಿ ಕದಲುತ್ತಿಲ್ಲ, ಊಟ ಮಾತ್ರ ಅದೇ ಇದೆ. ಹಸಿವೂ ಮೊದಲಿಗಿಂತ ಹೆಚ್ಚಾಗಿದೆ. ಲೋ-ಕಾರ್ಬಿಗೆ ಬದಲಾಯಿಸಲೇ?

ಉತ್ತರ: ನಿಮ್ಮ ದೇಹ ಮಾಡುತ್ತಿರುವುದು ಅದರ ಸಹಜ ಕೆಲಸ. 9 ಕಿಲೋ ಕಡಿಮೆಯಾದ ಮೈಯನ್ನು ಹೊತ್ತು ತಿರುಗಲು ದಿನಕ್ಕೆ 120-130 ಕ್ಯಾಲರಿ ಕಡಿಮೆ ಸಾಕು; ಅದರ ಮೇಲೆ, ಕೊಬ್ಬು ಕರಗಿದಂತೆ ದೇಹ ಇನ್ನಷ್ಟು ಮಿತವ್ಯಯ ಮಾಡಲು ಕಲಿಯುತ್ತದೆ. ಹೀಗಾಗಿ ಜನವರಿಯಲ್ಲಿ ಕೊರತೆಯಾಗಿದ್ದ ಊಟ ಜುಲೈಯಲ್ಲಿ ಸರಿಸಮವಾಗಿಬಿಡುತ್ತದೆ. ಹಸಿವಿನ ಮಾತೂ ನಿಮ್ಮ ಮನೋಬಲದ ಕೊರತೆಯಲ್ಲ. ಆಸ್ಟ್ರೇಲಿಯಾದಲ್ಲಿ ತೂಕ ಇಳಿಸಿದ 50 ಜನರನ್ನು ಹಿಂಬಾಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಸಿವು ಹೆಚ್ಚಿಸುವ ಗ್ರೆಲಿನ್ ಎಂಬ ಹಾರ್ಮೋನಿನ ಮಟ್ಟ ಮೇಲೆಯೂ ತೃಪ್ತಿ ಕೊಡುವ ಲೆಪ್ಟಿನ್ ಎಂಬ ಹಾರ್ಮೋನಿನ ಮಟ್ಟ ಕೆಳಗೂ ಇರುವ ಸ್ಥಿತಿ ಒಂದು ವರ್ಷದ ನಂತರವೂ ಮುಂದುವರಿದಿತ್ತು.

ಬದಲಾಯಿಸಬಹುದು, ಆದರೆ ಮೊದಲ ವಾರದ ನೀರಿನ ಇಳಿತವನ್ನು ಕಂಡು ಗೆದ್ದೆನೆಂದುಕೊಳ್ಳಬೇಡಿ. ಅದಕ್ಕೆ ಮೊದಲು ಎರಡು ವಾರ ಹಿಟ್ಟು, ಎಣ್ಣೆ, ಶೇಂಗಾ, ಹಾಲುಗಳನ್ನು ಮತ್ತೆ ತೂಗಿ ಅಳೆಯಿರಿ. ನಾಲ್ಕು ತಿಂಗಳಲ್ಲಿ ಕಣ್ಣಂದಾಜು ಸಡಿಲವಾಗಿರುತ್ತದೆ. ರಾತ್ರಿಯ ಧಾನ್ಯವನ್ನು ಅರ್ಧ ಮಾಡಿ ಕಾಳು, ಮೊಸರು ಹೆಚ್ಚಿಸಿ, ಮಾಂಸಾಹಾರಿಗಳಾದರೆ ಮೊಟ್ಟೆ ಇರಲಿ. ಸಾವಜಿ ಊಟಕ್ಕೆ ಹೋದರೆ ತುಂಡುಗಳನ್ನು ತಿಂದು ಮೇಲಿನ ಕೆಂಪು ಎಣ್ಣೆಯನ್ನು ಬಿಟ್ಟುಬಿಡಿ. ವಾರಕ್ಕೆ ಎರಡು-ಮೂರು ದಿನ ಸ್ನಾಯುಗಳಿಗೆ ಭಾರದ ಕೆಲಸ ಕೊಡಿ, ಏಕೆಂದರೆ ಯಾವುದೇ ಪಥ್ಯದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಇಷ್ಟಾದರೂ ತಕ್ಕಡಿ 83ರಲ್ಲೇ ನಿಂತರೆ, ಆರು ತಿಂಗಳು ಅಲ್ಲಿಯೇ ನಿಲ್ಲುವುದನ್ನು ಗುರಿಯಾಗಿಸಿಕೊಳ್ಳಿ. ನಡುವೆ ಪಂಚಮಿ ಬರುತ್ತದೆ, ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಬರುತ್ತವೆ. ತಿನ್ನಿ, ಆದರೆ ಉಂಡಿಯ ಡಬ್ಬಿ ಹಬ್ಬ ಕಳೆದು ಹದಿನೈದು ದಿನ ಮನೆಯಲ್ಲಿರದಂತೆ ನೋಡಿಕೊಳ್ಳಿ.

ಪ್ರಶ್ನೆ: ಲಕ್ಷ್ಮೇಶ್ವರದಿಂದ. ಲೆಕ್ಕವೂ ಬೇಡ, ರೊಟ್ಟಿ ಬಿಡುವುದೂ ಬೇಡ, ಸಂಜೆಯ ನಂತರ ಏನನ್ನೂ ತಿನ್ನದಿದ್ದರೆ ಸಾಕೇ?

ಉತ್ತರ: ಚೀನಾದ ಗುವಾಂಗ್ಝೌ ನಗರದಲ್ಲಿ 139 ಜನರಿಗೆ ಸಮಾನವಾಗಿ ಕ್ಯಾಲರಿ ಮಿತಿ ಹಾಕಿ, ಅರ್ಧದಷ್ಟು ಜನ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ಉಣ್ಣಬೇಕೆಂದು ಗೊತ್ತುಮಾಡಿದ್ದರು. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಒಂದು ವರ್ಷದ ನಂತರ ಅವರು 8 ಕಿಲೋ, ಹೊತ್ತಿನ ಕಟ್ಟುಪಾಡಿಲ್ಲದವರು 6.3 ಕಿಲೋ ಇಳಿದಿದ್ದರು; ಅಂಕಿಅಂಶದ ದೃಷ್ಟಿಯಲ್ಲಿ ಈ ವ್ಯತ್ಯಾಸ ನಿಲ್ಲಲಿಲ್ಲ. ಎರಡೂ ಗುಂಪಿಗೆ ಲೆಕ್ಕವಿತ್ತು ಎಂಬುದನ್ನು ಗಮನಿಸಿ. ರಾತ್ರಿಯ ಎರಡು ರೊಟ್ಟಿ ಬಿಟ್ಟು, ಅದಕ್ಕೆ ಪ್ರತಿಯಾಗಿ ಸಂಜೆ ಆರಕ್ಕೆ ಒಂದು ಪ್ಲೇಟ್ ಒಗ್ಗರಣಿ, ನಾಲ್ಕು ಮಿರ್ಚಿ ತಿನ್ನುವುದಾದರೆ ರೊಟ್ಟಿಯನ್ನೇ ಉಣ್ಣಿ.